ಸವಳಂಗದ್ದು ಮಾರಿದ ಮೇಲೆ

ನನ್ನ ಮಗಳು ಶಿವಲೀಲಾಗೆ ಎರಡು ವರ್ಷ ಐದು ತಿಂಗಳು ತುಂಬಿದರೂ ಒಂದೇ ಒಂದು ಮಾತು ಬಂದಿರಲಿಲ್ಲ. ಈ ಚಿಂತೆಯನ್ನು ನಾನು ಹಲ್ಲುಜ್ಜುವಾಗ ಮಾಡುತ್ತಿದ್ದೆ, ಒಗ್ಗರಣೆಗೆ ಸಾಸಿವೆ ಹಾಕುವಾಗ ಮಾಡುತ್ತಿದ್ದೆ, ಸಾಸಿವೆ ಸೀದುಹೋದ ಮೇಲೆ ಇನ್ನೊಮ್ಮೆ ಮಾಡುತ್ತಿದ್ದೆ. ದಾವಣಗೆರೆಯ ಮಕ್ಕಳ ಡಾಕ್ಟರು ಎರಡು ಸಲ ಕಿವಿ ನೋಡಿ, ಗಂಟಲು ನೋಡಿ, ಎಲ್ಲ ಸರಿಯಿದೆ, ತಾನಾಗಿಯೇ ಮಾತಾಡುತ್ತಾಳೆ, ನೀವು ಸ್ವಲ್ಪ ನಿದ್ದೆ ಮಾಡಿ ಎಂದರು. (ಮಗುವನ್ನು ತೋರಿಸಲು ಹೋದರೆ ತಾಯಿಗೆ ಔಷಧ ಹೇಳುವ ಡಾಕ್ಟರ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ.)

ಮಾತು ಬಂದಿರಲಿಲ್ಲ ಎಂದೆ, ಸದ್ದು ಮಾಡುತ್ತಿರಲಿಲ್ಲ ಎಂದಲ್ಲ. ಹಸಿವಾದರೆ "ಡುಗು ಡುಗು ಡುಗು." ನಿದ್ದೆ ಬಂದರೆ ಅದೇ, ನಿಧಾನಕ್ಕೆ. ಸಿಟ್ಟು ಬಂದರೂ ಅದೇ, ಇನ್ನೇನು ಮೂಗಿನಿಂದ ಹೊಗೆ ಬರಬೇಕು ಅನ್ನುವಷ್ಟು ಜೋರಾಗಿ. ಇದಕ್ಕೆ ಕಾರಣ ನಮ್ಮ ಅಂಗಳದಲ್ಲೇ ನಿಂತಿತ್ತು.

ನಮ್ಮ ಯಜಮಾನರು ಮಾಲತೇಶ್ ಮಾಡುವುದು ಹಳೇ ಟ್ರ್ಯಾಕ್ಟರುಗಳ ವ್ಯಾಪಾರ. (ಮದುವೆಗೆ ಮೊದಲು ನಮ್ಮ ತಂದೆಯ ಮುಂದೆ "ಆಟೋಮೊಬೈಲ್ ಲೈನು" ಎಂದಿದ್ದರು. ಸುಳ್ಳೇನಲ್ಲ.) ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲೇ ಹರಾಜು ಕೂಗಿದರೂ ಇವರು ಅಲ್ಲಿರಬೇಕು. ನಲವತ್ತು, ಐವತ್ತು ವರ್ಷದ ಗಾಡಿಗಳನ್ನು ಸವಾಲಿನಲ್ಲಿ ಹಿಡಿದು, ತ್ಯಾವಣಿಗೆಯ ನಮ್ಮ ಅಂಗಳಕ್ಕೆ ತಂದು, ಬಿಚ್ಚಿ, ತೊಳೆದು, ಜೋಡಿಸಿ, ಬಣ್ಣ ಹೊಡೆದು ಇನ್ನೊಂದು ಹರಾಜಿನಲ್ಲಿ ಮಾರುತ್ತಾರೆ. ಇಂಥವನ್ನು ಯಾರು ಕೊಳ್ಳುತ್ತಾರೆಂದು ನಾನೂ ಕೇಳಿದ್ದೆ. ಪ್ರಾಯದಲ್ಲಿ ಓಡಿಸಿದವರು ಮುಪ್ಪಿನಲ್ಲಿ ಹುಡುಕಿಕೊಂಡು ಬರುತ್ತಾರಂತೆ.

ಈ ವ್ಯಾಪಾರದಲ್ಲಿ ಗಾಡಿಗೆ ಕಂಪನಿಯ ಹೆಸರಿಲ್ಲ, ಬಂದ ಊರಿನ ಹೆಸರು. ಕೆರೆಬಿಳಚಿದು, ಸವಳಂಗದ್ದು, ಹೀಗೆ. ಸೊಸೆಯಂದಿರನ್ನು ಕರೆಯುವುದೂ ಇದೇ ಕ್ರಮದಲ್ಲಿ. ನಾನು ಬಂದ ಹೊಸದರಲ್ಲಿ ಅತ್ತೆ ಸಾವಂತ್ರಮ್ಮನವರು ಪಕ್ಕದ ಮನೆಯವರಿಗೆ, ದಾವಣಗೆರೆಯದು ಬೆಳಿಗ್ಗೆ ಏಳುವುದು ಸ್ವಲ್ಪ ತಡ, ಎದ್ದ ಮೇಲೆ ಏನೂ ತಕರಾರಿಲ್ಲ ಎಂದು ಹೇಳುವುದನ್ನು ಕೇಳಿ, ಅದು ಯಾವ ಗಾಡಿಯೆಂದು ಅಂಗಳವೆಲ್ಲ ಹುಡುಕಿದ್ದೆ.

ಸವಳಂಗದ್ದು ಬಂದದ್ದು ಶಿವಲೀಲಾ ಹುಟ್ಟಿದ ವಾರ. ಕೆಂಪು ಬಣ್ಣ, ನಲವತ್ತೆಂಟು ವರ್ಷ ವಯಸ್ಸು. ಅದರ ಸದ್ದಿಗೆ ಮಗು ಅಳು ನಿಲ್ಲಿಸಿತು. ಮುಂದೆ ಅದರ ಸೀಟಿನ ಮೇಲೆ ಅಪ್ಪನ ತೊಡೆಯಲ್ಲಿ ಕೂತೇ ಉಣ್ಣಲು ಕಲಿತಳು, ಅದು ಗುಡುಗುಡು ಅನ್ನುವಾಗಲೇ ಮಲಗಲು ಕಲಿತಳು. ಮನೆಯವರೆಲ್ಲ ಇದನ್ನು ಮುದ್ದು ಎಂದರು. ನಾನು ಓದಿದವಳು. ಸದಾ ಯಂತ್ರದ ಸದ್ದು ಕೇಳುವ ಮಗು ಮಾತು ಕಲಿಯುವುದು ತಡವಾಗುತ್ತದೆ ಎಂದು ಮೊಬೈಲಿನಲ್ಲಿ ಎಲ್ಲೋ ಓದಿದ್ದೆ. ಅದರ ಕೆಳಗೇ, ಮೊಬೈಲಿನಿಂದಲೂ ತಡವಾಗುತ್ತದೆ ಎಂದಿತ್ತು. ಆದ್ದರಿಂದ ಅಡುಗೆಮನೆಯ ಗೋಡೆಗೆ ಒಂದು ರಾಜಾಜ್ಞೆಯನ್ನು ಅಂಟಿಸಿದೆ. ಒಂದು, ಸವಳಂಗದ್ದನ್ನು ಮಾರತಕ್ಕದ್ದು. ಎರಡು, ಮಗುವಿನ ಬಳಿಗೆ ಮೊಬೈಲು ತರತಕ್ಕದ್ದಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಅದರ ಮೇಲೇ ಕ್ಯಾಲೆಂಡರು ತೂಗುಹಾಕಿದರು.

"ನಿನ್ನ ಗಂಡ ಮೂರು ತುಂಬೋ ತಂಕ ಬಾಯಿ ಬಿಟ್ಟಿರಲಿಲ್ಲ ಕಣವ್ವ," ಎಂದರು. "ಈಗ ನೋಡು, ಹರಾಜಿನಾಗೆ ಅವನ ಬಾಯಿ ಮುಚ್ಚಸಾಕೆ ಯಾರಿಗಾದ್ರೂ ಆಗ್ತೈತಾ?"

ಯಜಮಾನರು ಮಾತ್ರ ಆಗಲಿ ಎಂದು ಕೂಡಲೇ ಒಪ್ಪಿದರು. ಮೂರು ಹರಾಜಿಗೆ ಸವಳಂಗದ್ದನ್ನು ಒಯ್ದರು, ಮೂರು ಸಲವೂ ಅದರ ಮೇಲೇ ಕೂತು ವಾಪಸು ಬಂದರು. ದರ ಬರಲಿಲ್ಲ ಎನ್ನುತ್ತಿದ್ದರು. ಆದರೆ ಮೂರು ಸಲವೂ ಬಾಯಿ ಕೆಂಪಗಿತ್ತು. ಈ ಕಡೆಯ ಹರಾಜಿನಲ್ಲಿ ಮೂರನೇ ಸವಾಲು ಕೂಗಿದ ಮೇಲೂ ವ್ಯಾಪಾರ ಮುಗಿಯುವುದಿಲ್ಲ. ಮಾರುವ ಮನೆಯವರು ಕೊಳ್ಳುವವರ ಕೈಗೆ ಎಲೆ ಅಡಿಕೆ ಕೊಡಬೇಕು. ಕೊಟ್ಟ ಮೇಲೆ ಬ್ರಹ್ಮ ಬಂದರೂ ಮಾತು ತಿರುಗಿಸುವ ಹಾಗಿಲ್ಲ. ಕೊಡುವ ತನಕ ಬೇಡ ಎನ್ನಬಹುದು. ನಾನು ಕಟ್ಟಿಕೊಟ್ಟ ಎಲೆ ಅಡಿಕೆಯನ್ನು ನನ್ನ ಗಂಡ ದಾರಿಯಲ್ಲಿ ತಾವೇ ಮೆದ್ದು ಬರುತ್ತಿದ್ದರು.

ನಾಲ್ಕನೇ ಸಲ ಹೊನ್ನಾಳಿಗೆ ನಾನೇ ಜೊತೆಗೆ ಹೊರಟೆ.

ಸಂತೆ ಮೈದಾನದಲ್ಲಿ ಮುದಿ ಟ್ರ್ಯಾಕ್ಟರುಗಳು ಸಾಲಾಗಿ ಕುಂಕುಮ ಇಟ್ಟುಕೊಂಡು ನಿಂತಿದ್ದವು. ಸವಾಲು ಕೂಗುವ ತಿಪ್ಪೇರುದ್ರ ಒಂದೊಂದರ ಗುಣಗಾನ ಮಾಡುತ್ತಿದ್ದ. ಸವಳಂಗದ್ದರ ಹತ್ತಿರ ಜಗಳೂರಿನ ಓಬಣ್ಣ ಎಂಬ ಬಿಳಿ ಮೀಸೆಯ ಹಿರಿಯರೊಬ್ಬರು ಬಂದರು. ಟೈರು ನೋಡಲಿಲ್ಲ, ಕಾಗದ ಕೇಳಲಿಲ್ಲ. ಬಾನೆಟ್ಟಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ನಿಂತರು. ಅವರ ಮದುವೆಯ ದಿಬ್ಬಣ ಇಂಥದೇ ಗಾಡಿಯಲ್ಲಿ ಬಂದಿತ್ತಂತೆ. ಆಮೇಲೆ ಯಾರು ಎಷ್ಟು ಕೂಗಿದರೂ ಅವರು ಅದಕ್ಕಿಂತ ಹೆಚ್ಚು ಕೂಗಿದರು.

"ಮೂರನೇ ಸವಾಲ್," ಎಂದ ತಿಪ್ಪೇರುದ್ರ. "ಮನೆಯೋರು ಎಲೆ ಅಡಿಕೆ ಕೊಡಬೌದು."

ಯಜಮಾನರು ಜೇಬಿನಿಂದ ಎಲೆ ಅಡಿಕೆ ತೆಗೆದರು. ಒಂದು ಸಲ ಗಾಡಿಯನ್ನು ನೋಡಿದರು. ಕೈ ಮೆಲ್ಲಗೆ ಮೇಲೇರಿ ಬಾಯಿಯ ಕಡೆಗೆ ಹೊರಟಿತು. ಅರ್ಧ ದಾರಿಯಲ್ಲಿ ನಾನು ಅದನ್ನು ಕಸಿದು, ನಾಲ್ಕು ಹೆಜ್ಜೆ ಮುಂದೆ ಹೋಗಿ, ಓಬಣ್ಣನವರ ಕೈಗೆ ಇಟ್ಟುಬಿಟ್ಟೆ.

"ಮನೆ ಲಕ್ಷ್ಮಿ ಕೈಲೇ ಆತು. ಇನ್ನು ಮಾತಿಲ್ಲ," ಎಂದ ತಿಪ್ಪೇರುದ್ರ.

ಓಬಣ್ಣ ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು, ಒಂದು ಚೀಟಿಯಲ್ಲಿ ತಮ್ಮ ನಂಬರು ಬರೆದು ನನಗೂ ಕೊಟ್ಟರು. ಏನಾದರೂ ಬೇಕಾದರೆ ಫೋನು ಮಾಡಿ ತಂಗೆಮ್ಮ ಎಂದರು. ಮಾರಿದವರಿಗೆ ಕೊಂಡವರಿಂದ ಏನು ಬೇಕಾದೀತು ಎಂದು ಮನಸ್ಸಿನಲ್ಲೇ ನಕ್ಕು ಪರ್ಸಿಗೆ ಹಾಕಿಕೊಂಡೆ.

ಅಂಗಳ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಮಾತು ಮೊಳೆಯುತ್ತದೆ ಎಂದು ನಾನು ಕಾದೆ. ಮೊಳೆಯಲಿಲ್ಲ, ಇದ್ದ "ಡುಗು ಡುಗು" ಕೂಡ ನಿಂತುಹೋಯಿತು. ಗಾಡಿ ನಿಲ್ಲುತ್ತಿದ್ದ ಕಡೆ ನೆಲದ ಮೇಲೆ ಎಣ್ಣೆಯ ಕಪ್ಪು ಗುರುತೊಂದು ಉಳಿದಿತ್ತು. ಶಿವಲೀಲಾ ಅದರ ನಟ್ಟನಡುವೆ ಕೂತು, ನಾನು ತುತ್ತು ಹಿಡಿದಷ್ಟೂ ತುಟಿ ಬಿಗಿದುಕೊಳ್ಳುತ್ತಿದ್ದಳು.

ವಿಚಿತ್ರವೆಂದರೆ, ನನ್ನ ಕೈಯಲ್ಲಿ ಉಣ್ಣದ ಮಗು ಅತ್ತೆಯ ಕೈಯಲ್ಲಿ ಉಣ್ಣುತ್ತಿತ್ತು. ಮಧ್ಯಾಹ್ನ ಅವರು ಅವಳನ್ನು ಹಿತ್ತಲ ಬಣವೆಯ ಹಿಂದೆ ಕರೆದುಕೊಂಡು ಹೋದರೆ ಹತ್ತು ನಿಮಿಷಕ್ಕೆ ಬಟ್ಟಲು ಖಾಲಿ. ಹೇಗೆ ತಿನ್ನಿಸಿದಿರಿ ಅತ್ತೆ ಎಂದರೆ, ಕಥೆ ಹೇಳಿದೆ ಎನ್ನುತ್ತಿದ್ದರು. ಯಾವ ಕಥೆ ಎಂದರೆ, ಹಳೇದು. ಯಜಮಾನರಿಗೂ ಬೆಳಿಗ್ಗೆ ಏಳಕ್ಕೆ ಊರಾಚೆಯ ನಾಲೆಗೆ ಕರೆದೊಯ್ದು ಮಗಳಿಗೆ ಚಾನೆಲ್ ನೀರು ತೋರಿಸುವ ಹೊಸ ಅಭ್ಯಾಸ ಹತ್ತಿತು. ಇಬ್ಬರೂ ಹೊಳೆಯುವ ಮುಖ ಹೊತ್ತು ವಾಪಸಾಗುತ್ತಿದ್ದರು. ನಾನೊಬ್ಬಳೇ ಈ ಮಗುವಿಗೆ ಆಗದವಳು ಎಂದು ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತುಬಿಟ್ಟೆ.

ಒಂದು ಮಂಗಳವಾರ ಅತ್ತೆ ಇದ್ದಕ್ಕಿದ್ದಂತೆ ಹೋಳಿಗೆ ಮಾಡಿದರು. ಹಬ್ಬವಿಲ್ಲ, ನೆಂಟರಿಲ್ಲ. ಯಾಕೆ ಎಂದರೆ ಮನಸ್ಸಾಯಿತು ಎಂದರು. ಯಜಮಾನರು ನಾಲ್ಕು ಹೋಳಿಗೆ ತಿಂದು ಕಣ್ಣೊರೆಸಿಕೊಂಡರು. ಯಾಕೆಂದು ಕೇಳಿದರೆ, ತುಪ್ಪ ಬಿಸಿ ಇತ್ತಂತೆ.

ಗಾಡಿ ಹೋಗಿ ಹದಿನಾಲ್ಕನೆಯ ದಿನ, ಅತ್ತೆ ಬೆಳಗಿನ ಬಸ್ಸಿಗೇ ಕೆರೆಬಿಳಚಿಗೆ ಒಂದು ನಾಮಕರಣಕ್ಕೆ ಹೋದರು. ಯಜಮಾನರು ಅದಕ್ಕೂ ಮೊದಲೇ ನ್ಯಾಮತಿಯ ಹರಾಜಿಗೆ ಹೊರಟಿದ್ದರು. ಹೋಗುವಾಗ ಇಬ್ಬರೂ ನನಗೇನೋ ಹೇಳಲು ಬಾಯಿ ತೆರೆದು, ಗೋಡೆಯ ಕಡೆ ನೋಡಿ, ಮುಚ್ಚಿಕೊಂಡರು. ಮಧ್ಯಾಹ್ನ ಎರಡಾದರೂ ಶಿವಲೀಲಾಳ ಹೊಟ್ಟೆಗೆ ಒಂದು ಅಗುಳು ಬಿದ್ದಿರಲಿಲ್ಲ. ಕಾಗೆ ತೋರಿಸಿದೆ, ಗುಬ್ಬಿ ತೋರಿಸಿದೆ, ಹಳೇ ಕಥೆ ಹೇಳಿದೆ, ಹೊಸದನ್ನೂ ಹೇಳಿದೆ. ಮಿಕ್ಸಿ ಹಾಕಿದೆ. ಕೊನೆಗೆ ದಾವಣಗೆರೆಯ ಕಾನ್ವೆಂಟಿನಲ್ಲಿ ವಾಗ್ಮಿತೆಗೆ ಎರಡು ಸಲ ಬಹುಮಾನ ಪಡೆದ ನಾನು ಎಣ್ಣೆಯ ಗುರುತಿನ ಮೇಲೆ ಕುಕ್ಕರುಗಾಲಲ್ಲಿ ಕೂತು "ಡುಗು ಡುಗು" ಎಂದೆ. ಅವಳು ನನ್ನನ್ನು ಕರುಣೆಯಿಂದ ನೋಡಿದಳು. ಮುಖ ಬಾಡಿತ್ತು. ತುಟಿ ಒಣಗಿತ್ತು.

ಪರ್ಸಿನಿಂದ ಚೀಟಿ ತೆಗೆದೆ. ಕ್ಯಾಲೆಂಡರಿನ ಕೆಳಗಿಂದ ನನ್ನ ರಾಜಾಜ್ಞೆ ಇಣುಕುತ್ತಿತ್ತು. ಅದಕ್ಕೆ ಬೆನ್ನು ಹಾಕಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಫೋನು ಹಚ್ಚಿದೆ.

ಓಬಣ್ಣ ಎತ್ತಿದರು. ನಾನು ತ್ಯಾವಣಿಗೆಯವಳು, ಎಲೆ ಅಡಿಕೆ ಕೊಟ್ಟವಳು ಎಂದು ಪರಿಚಯ ಹೇಳಿಕೊಂಡೆ. ಒಂದು ಸಣ್ಣ ಉಪಕಾರ ಆಗಬೇಕಿತ್ತು, ತಪ್ಪು ತಿಳಿಯಬಾರದು, ಗಾಡಿಯನ್ನು ಒಂದೈದು ನಿಮಿಷ, ಸುಮ್ಮನೆ, ಎಂದು ಶುರು ಮಾಡಿದವಳಿಗೆ ಮುಂದಿನ ಮಾತು ಸಿಗಲಿಲ್ಲ.

"ಚಾಲೂ ಮಾಡಬೇಕಾ? ಅದಕ್ಯಾಕೆ ತಂಗೆಮ್ಮ ಇಷ್ಟು ಸಂಕೋಚ?" ಎಂದರು ಅವರು. "ದಿನಾ ಬೆಳಿಗ್ಗೆ ಏಳಕ್ಕೆ ನಿಮ್ಮ ಯಜಮಾನ್ರು ಫೋನು ಮಾಡ್ತಾರೆ, ಮಧ್ಯಾಹ್ನ ಅಮ್ಮಾರು ಮಾಡ್ತಾರೆ. ಇವತ್ತು ಇಬ್ರದೂ ಇಲ್ಲ. ಮಗು ಉಂಡೈತೋ ಇಲ್ಲೋ ಅಂತ ನಮ್ಮ ಮನೆಯಾಕಿ ಆಗಿನಿಂದ ಒಳಗೂ ಹೊರಗೂ ತಿರುಗಾಡ್ತವಳೆ."

ಬಣವೆಯ ಹಿಂದಿನ ಕಥೆ ಯಾವುದೆಂದು ತಿಳಿಯಿತು. ಚಾನೆಲ್ ನೀರು ಯಾವುದೆಂದೂ ತಿಳಿಯಿತು.

"ಆದ್ರೆ ನೀವು ಹೇಳಿದ್ರೆ ನಾನು ಚಾಲೂ ಮಾಡಲ್ಲ," ಎಂದರು. "ಫೋನು ಮಗು ಕೈಗೆ ಕೊಡ್ರಿ. ಆಕೆನೇ ಹೇಳಬೇಕು. ಅದು ನಮ್ಮಿಬ್ರ ಕರಾರು."

"ಅವಳಿಗೆ ಇನ್ನೂ ಮಾತು ಬಂದಿಲ್ಲ," ಎಂದೆ.



"ಯಾರು ಹೇಳಿದ್ದು?" ಎಂದರು ಓಬಣ್ಣ, ಮೆಲ್ಲಗೆ.

ಅಷ್ಟರಲ್ಲಿ ಶಿವಲೀಲಾ ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಹತ್ತು ವರ್ಷ ಅಂಗಡಿ ಇಟ್ಟವಳ ಹಾಗೆ ಕಿವಿಗೆ ಸರಿಯಾಗಿ ಹಚ್ಚಿಕೊಂಡಳು.

"ಓಬಣ್ಣಾ," ಎಂದಳು ನನ್ನ ಮಗಳು. "ಚಾಲೂ."

ಹೋಳಿಗೆ ಯಾಕೆಂದು ಆಗ ಅರ್ಥವಾಯಿತು. ಮನೆಯಲ್ಲಿ ಮಗುವಿಗೆ ಮಾತು ಬಂದಿತ್ತು, ಹಬ್ಬವೂ ಆಗಿತ್ತು, ಹೋಳಿಗೆಯನ್ನು ನಾನೂ ಎರಡು ತಿಂದಿದ್ದೆ. ಹೇಳುವುದಕ್ಕೆ ಮಾತ್ರ ಯಾರಿಗೂ ಧೈರ್ಯ ಬಂದಿರಲಿಲ್ಲ. ಮೊದಲ ಮಾತು ಬಂದದ್ದು ಟ್ರ್ಯಾಕ್ಟರಿನ ದೆಸೆಯಿಂದ, ಅದೂ ಮೊಬೈಲಿನಲ್ಲಿ. ನನ್ನ ಆಜ್ಞೆ ಒಂದಕ್ಕಲ್ಲ, ಎರಡಕ್ಕೂ ವಿರುದ್ಧ.

ಜಗಳೂರಿನಲ್ಲಿ ಸವಳಂಗದ್ದು ಎರಡು ಸಲ ಕೆಮ್ಮಿ ಎದ್ದಿತು. ಡುಗು ಡುಗು ಸದ್ದು ಅಡುಗೆಮನೆಯ ಡಬ್ಬಿಗಳ ನಡುವೆ ತುಂಬಿಕೊಂಡಿತು. ಶಿವಲೀಲಾ ಬಾಯಿ ತೆರೆದಳು. ನಾನು ತುತ್ತು ಇಟ್ಟೆ. ಇನ್ನೊಂದು ಇಟ್ಟೆ. ಏಳನೆಯ ತುತ್ತಿಗೆ ಅನ್ನ ನನಗೆ ಸರಿಯಾಗಿ ಕಾಣಿಸುತ್ತಿರಲಿಲ್ಲ. ಅವಳು ಅಗಿಯುವುದನ್ನು ನಿಲ್ಲಿಸಿ, ನನ್ನ ಮುಖವನ್ನೇ ನೋಡಿ, ಫೋನಿಗೆ ದೂರು ಹೇಳಿದಳು.

"ಓಬಣ್ಣಾ. ಅಮ್ಮ ಅಳು."

ಗಾಡಿಯ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. "ಏನಂದಿ ತಾಯಿ?" ಎಂದರು.

ಅವಳು ಇನ್ನೊಮ್ಮೆ, ಜೋರಾಗಿ, ಬಿಡಿಸಿ ಹೇಳಿದಳು.