ಎಂಬತ್ತು ಹೆಂಗಸರು, ಒಂದು ಹಲ್ಲು

ಅಮೋಸ್ ಶೋರಾಕ್‌ನ ತಾತ ಹಬೆಯ ಮಗ್ಗವನ್ನು ಸುತ್ತಿಗೆಯಿಂದ ಒಡೆದು ಜೈಲು ಸೇರಿದ್ದ. ಅಪ್ಪ ಅಂಥದ್ದೇ ಮಗ್ಗಕ್ಕೆ ಎಣ್ಣೆ ಬಿಟ್ಟುಕೊಂಡು ಸಂಸಾರ ಸಾಕಿದ. ಅಮೋಸನ ಪಾಲಿಗೆ ಬಂದದ್ದು ಒಂದು ಗುಟ್ಟು. ಸೋಮವಾರ ಬೆಳಗ್ಗೆ, ಲ್ಯಾಂಕಷೈರಿನ ಆ ಗಿರಣಿಯ ಗಾಜಿನ ಕೋಣೆಯಲ್ಲಿ ಅದು ಅವನ ಕಿವಿಗೆ ಬಿತ್ತು.

"ಶನಿವಾರ ಹೊಸ ಮಗ್ಗ ಬರ್ತವೆ," ಎಂದರು ಲಂಡನ್ನಿನಿಂದ ಹೊಸದಾಗಿ ಬಂದ ಮ್ಯಾನೇಜರ್ ಗ್ರೇವ್ಸನ್. "ನೂಲು ತಾವೇ ತುಂಬ್ಕೊಳ್ತವೆ, ಎಳೆ ಕಡಿದ್ರೆ ತಾವೇ ನಿಲ್ತವೆ, ಕೆಡೋ ಮಾತೇ ಇಲ್ಲ. ಇಪ್ಪತ್ತು ಮಗ್ಗಕ್ಕೆ ಒಬ್ಬ ಹೆಂಗಸು ಸಾಕು. ಮಿಕ್ಕವರು ಮನೆಗೆ. ಅಲ್ಲೀತನಕ ನೀನು ಬಾಯಿ ಬಿಟ್ಟೆಯೋ, ಮೊದಲು ಹೋಗೋದು ನಿನ್ನ ಕೆಲಸ."

ಮಗ್ಗ ರಿಪೇರಿಯ ಅಮೋಸನಿಗೆ ಮನೆಯಲ್ಲಿ ಐದು ಮಕ್ಕಳು. ಬಾಯಿ ಬಿಡುವ ಆಸೆಯೇನೂ ಇರಲಿಲ್ಲ. ಆದರೆ ಆ ಗಿರಣಿಯಲ್ಲಿ ಬಾಯಿ ಬಿಡದಿದ್ದರಷ್ಟೇ ಸಾಲದು. ಮುನ್ನೂರು ಮಗ್ಗಗಳ ಗದ್ದಲದಲ್ಲಿ ಗುಂಡು ಹಾರಿದರೂ ಕೇಳಿಸದು. ಹಾಗಾಗಿ ನೇಯುವ ಹೆಂಗಸರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಮೂವತ್ತು ಗಜದಾಚೆ ಹೇಳಿಕೊಂಡ ಅತ್ತೆ-ಸೊಸೆ ಜಗಳವೂ ಒಂದಕ್ಷರ ಬಿಡದೆ ತಿಳಿಯುತ್ತಿತ್ತು. ಅಮೋಸನಿಗೋ, ತುಟಿ ಅಲ್ಲಾಡಿಸದೆ ಯೋಚನೆ ಮಾಡಲು ಬರುತ್ತಿರಲಿಲ್ಲ!

ಅವನು ಕತ್ತಿನ ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡು ಹೊರಬಂದ.

"ಏನಾಯ್ತೋ ಕಂದಾ?" ಪಕ್ಕದ ಮನೆಯವಳೂ ಹಿರಿಯ ನೇಯ್ಗೆಯವಳೂ ಆದ ಟಾಬಿತಾಳ ತುಟಿ ಕೇಳಿತು.

ಅಮೋಸ್ ದವಡೆ ಹಿಡಿದು ಮುಖ ಹಿಂಡಿದ. ಅಷ್ಟೇ ಸಾಕಾಯಿತು. ಹಲ್ಲುನೋವಿನ ಸುದ್ದಿ ಹತ್ತಿಗೆ ಬೆಂಕಿ ಬಿದ್ದಂತೆ ಮಗ್ಗದಿಂದ ಮಗ್ಗಕ್ಕೆ ಓಡಿತು. ಒಬ್ಬಳು ಲವಂಗ ತಂದಳು, ಇನ್ನೊಬ್ಬಳು ಬಿಸಿ ಉಪ್ಪಿನ ಗಂಟು. ಎಲ್ಲರಿಗೂ ಅವನ ಬಾಯಿಯೇ ಬೇಕು. ಅವನು ಮುಳುಗುವವನು ಹಗ್ಗ ಹಿಡಿದಂತೆ ಮಫ್ಲರ್ ಹಿಡಿದು ಕೂತ.

ಮಧ್ಯಾಹ್ನ ಯಂತ್ರ ನಿಂತದ್ದೇ ತಡ, ಟಾಬಿತಾ ಇನ್ನಿಬ್ಬರನ್ನು ಸೇರಿಸಿಕೊಂಡು ಅವನನ್ನು ಹಲ್ಲೂ ಕೀಳುವ ಔಷಧದಂಗಡಿಯ ಕ್ರಾಬ್‌ಟ್ರೀ ಬಳಿಗೆ ಎಳೆದೊಯ್ದಳು.

"ಯಾವ ಹಲ್ಲಪ್ಪಾ?" ಕ್ರಾಬ್‌ಟ್ರೀ ಇಕ್ಕಳ ಒರೆಸುತ್ತ ಕೇಳಿದ.

ನಿಜ ಹೇಳಿದರೆ ಕೆಲಸ ಹೋಗುತ್ತದೆ. ಇರುವುದು ಒಂದೇ ಕೆಲಸ, ಹಲ್ಲುಗಳಾದರೋ ಮೂವತ್ತೆರಡು. ಅಮೋಸ್ ಕಣ್ಣು ಮುಚ್ಚಿ ಒಂದನ್ನು ತೋರಿಸಿದ. ಕ್ರಾಬ್‌ಟ್ರೀ ಅವನ ಎದೆಯ ಮೇಲೆ ಮೊಣಕಾಲೂರಿ, ಬಾವಿಯಿಂದ ಕೊಡ ಸೇದಿದ ಹಾಗೆ ಎಳೆದ.

"ಎಂಥಾ ಗಟ್ಟಿ ಹಲ್ಲು! ಇದಕ್ಕೇನಾಗಿತ್ತು?"

"ಏನೂ ಆಗಿರ್ಲಿಲ್ಲ," ಎಂದಳು ಟಾಬಿತಾ, ಅವನ ಬಾಯಿಗೆ ಹತ್ತಿ ತುರುಕುತ್ತ. "ಹೊಸ ಮಗ್ಗದ ವಿಷಯ ಬೆಳಗ್ಗೆನೇ ಎಂಬತ್ತು ಜನಕ್ಕೂ ಗೊತ್ತು ಕಣೋ. ಮ್ಯಾನೇಜರು ಗಾಜಿನೊಳಗೆ ನಿಂತು ನಮ್ಮ ಕಡೆ ಮುಖ ಮಾಡ್ಕೊಂಡೇ ಹೇಳಿದ್ರಲ್ಲ! ನೀನಾದ್ರೂ ಬಂದು ಹೇಳ್ತೀಯೇನೋ ಅಂತ ಕಾದ್ವಿ. ಹಲ್ಲು ಕೊಟ್ಟೆ, ಸುದ್ದಿ ಕೊಡ್ಲಿಲ್ಲ."

ಗಿರಣಿಯ ಅಂಗಳಕ್ಕೆ ಬರುವಷ್ಟರಲ್ಲಿ ಅಮೋಸನ ಮುಖ ಬೆಂದ ಆಲೂಗಡ್ಡೆಯಂತೆ ಊದಿತ್ತು. ಹೆಂಗಸರು ಒಳಗೆ ಹೋಗಲೊಲ್ಲದೆ ನಿಂತಿದ್ದರು. ಮೆಟ್ಟಿಲ ಮೇಲೆ ಗ್ರೇವ್ಸನ್ ಬೆವರು ಒರೆಸಿಕೊಳ್ಳುತ್ತಿದ್ದರು; ಶುಕ್ರವಾರ ಹಡಗಿಗೆ ಹೋಗಬೇಕಾದ ಬಟ್ಟೆ ಇನ್ನೂ ಮಗ್ಗದ ಮೇಲಿತ್ತು.

"ಸರಿ, ಯಾವ ಹೆಂಗಸನ್ನೂ ತೆಗೆಯೋದಿಲ್ಲ," ಎಂದರು ಕೊನೆಗೆ. "ಆದ್ರೆ ಇಷ್ಟೆಲ್ಲ ಆದ್ಮೇಲೆ ಒಬ್ಬರನ್ನಾದ್ರೂ ತೆಗೆದೆ ಅಂತ ಮಾಲೀಕರಿಗೆ ತೋರಿಸ್ಬೇಕಲ್ರಮ್ಮಾ!"

"ಹೊಸ ಮಗ್ಗ ಕೆಡೋದೇ ಇಲ್ಲ ಅಂದ್ರಿ. ಹಾಗಿದ್ಮೇಲೆ ರಿಪೇರಿಯವನು ಯಾಕೆ ಸಾಹೇಬ್ರೇ?" ಎಂದಳು ಟಾಬಿತಾ. "ಸಣ್ಣಪುಟ್ಟದ್ದು ನಾವೇ ನೋಡ್ಕೋತೀವಿ."

ಗ್ರೇವ್ಸನ್ ಮುಖ ಅರಳಿತು. "ಯಾರದಾದರೂ ಆಕ್ಷೇಪ ಇದೆಯೋ?"

ಅಮೋಸ್ ಹೌಹಾರಿ ಮುಂದೆ ಬಂದ. ಬಾಯಿ ತುಂಬ ಹತ್ತಿ. ತುಟಿ ಮರದ ಹಲಗೆ. ಎರಡೂ ಕೈ ಮೇಲೆತ್ತಿ ಬೇಡ ಬೇಡವೆಂದು ಜೋರಾಗಿ ಆಡಿಸಿದ.

"ಅಯ್ಯೋ ಪಾಪ, ಎಲ್ಲರಿಗೂ ಹೋಗಿಬರ್ತೀನಿ ಅಂತಿದಾನೆ," ಎಂದಳು ಟಾಬಿತಾ.

ಎಂಬತ್ತು ಹೆಂಗಸರೂ ಪ್ರೀತಿಯಿಂದ ಕೈ ಬೀಸಿದರು.