ಚಿಕ್ಕಪ್ಪನ ಮನೆಯ ಚಲಾವಣೆ

ನಮ್ಮ ಚಿಕ್ಕಪ್ಪನ ಮನೆಯಲ್ಲಿ ರೂಪಾಯಿ ಚಲಾವಣೆಯಲ್ಲೇ ಇಲ್ಲ ಅಂದರೆ ನೀವು ನಗಬಹುದು. ನಿಜವಾಗಿಯೂ ಇಲ್ಲ! ಸಿ.ಎಸ್. ಪುರದ ಪಕ್ಕದ ಆ ಮನೆಯಲ್ಲಿ ಐನೂರರ ನೋಟು ಕೂಡ ನೋಟಲ್ಲ, 'ಒಂದು ವಾರದ ಮೆಸ್ಸು'. ಎರಡನೇ ಸಲದ ಕಾಫಿ ಅಂದರೆ 'ನಾಲ್ಕು ಜೆರಾಕ್ಸು'. ಕಾಯಿ, ರಾಗಿ, ಹಾಲು, ಏನು ಮಾರಿದರೂ ಆ ದುಡ್ಡು ಮಗಳ ಕಾಲೇಜಿನ ಒಂದಲ್ಲ ಒಂದು ಖರ್ಚಿನ ಹೆಸರು ಹೊತ್ತೇ ಬ್ಯಾಂಕಿಗೆ ಹೋಗುತ್ತಿತ್ತು.

ಈ ಹುಚ್ಚು ಹತ್ತಿದ್ದು ಅವರ ಹಸು ಸತ್ತಾಗ. ಈಯುವಾಗ ಕರು ಅಡ್ಡ ಸಿಕ್ಕಿಕೊಂಡು, ಡಾಕ್ಟರು ಬರುವಷ್ಟರಲ್ಲಿ ತಾಯಿ ಕರು ಎರಡೂ ಹೋದವು. ಮೂರನೇ ಕ್ಲಾಸಿನಲ್ಲಿದ್ದ ಒಬ್ಬಳೇ ಮಗಳು ಕೊಟ್ಟಿಗೆ ಬಿಟ್ಟು ಏಳಲಿಲ್ಲ. "ನಾನೇ ದನದ ಡಾಕ್ಟ್ರಾಗ್ತೀನಿ ಅಪ್ಪ" ಅಂದಳಂತೆ. ಮಕ್ಕಳು ಏನೇನೋ ಅನ್ನುತ್ತವೆ. ಆ ವಯಸ್ಸಿನಲ್ಲಿ ನಾನೂ ಬಸ್ ಕಂಡಕ್ಟರಾಗ್ತೀನಿ ಅಂದಿದ್ದೆ, ನಮ್ಮಪ್ಪ ಒಂದು ಸೀಟಿ ಕೂಡ ಕೊಡಿಸಲಿಲ್ಲ! ಚಿಕ್ಕಪ್ಪ ಮಾತ್ರ ಮಾರನೆಯ ದಿನದಿಂದಲೇ ಉಳಿಸುವುದಕ್ಕೆ ಶುರು ಮಾಡಿದರು.

ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಅವರ ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಕೆಂಡದಂಥ ಬಿಸಿಲು. ಅವಳು ತೆಂಗಿನ ಮರ ನೋಡುತ್ತಾ, "ಎಳನೀರು ಚೆನ್ನಾಗಿರುತ್ತಾ ಮಾವ?" ಅಂದಳು.

"ಚೆನ್ನಾಗಿಲ್ದೆ ಏನಮ್ಮ! ಅದು ಹಾಸ್ಟೆಲ್ ರೂಮು."

ಪಾಪ, ಅವಳು ಗರಿಗಳ ನಡುವೆ ರೂಮು ಹುಡುಕುತ್ತಾ ನಿಂತಳು. ಎಳನೀರಿನ ಬದಲು ಮನೆಯಿಂದ ನೀರುಮಜ್ಜಿಗೆ ಬಂತು.

ಕುಣಿಗಲ್ಲಿನಲ್ಲಿ ನಂಟರ ಮದುವೆಗೆ ಹೋದಾಗ ಮುಯ್ಯಿಯ ಕವರು ಹಿಡಿದು ನನ್ನ ಕಿವಿಯಲ್ಲಿ, "ಏನ್ಲಾ, ಸ್ಟೆತಸ್ಕೋಪಿನ ಒಂದು ಕಿವಿ ಬರೋವಷ್ಟು ಹಾಕಿವ್ನಿ, ಸಾಕಲ್ವಾ?" ಅಂದರು. ನಾನು ನಗು ತಡೆಯಲಾರದೆ ಊಟದ ಹಾಲಿಗೆ ಓಡಿದೆ.

ಚಿಕ್ಕಮ್ಮನ ಮುಂದಿನ ಹಲ್ಲು ಕೆಟ್ಟಾಗ ಗುಬ್ಬಿಯ ಡಾಕ್ಟರು ಕ್ಯಾಪ್ ಹಾಕೋಣ ಅಂದರು. "ಕ್ಯಾಪು ಅಂದ್ರೆ ಫಸ್ಟ್ ಇಯರ್ ಪುಸ್ತಕ ಅಷ್ಟೂ ಹೋಯ್ತದೆ ಕಣೇ, ಕೀಳಿಸ್ಬುಡು" ಅಂದರು ಚಿಕ್ಕಪ್ಪ. ಚಿಕ್ಕಮ್ಮ ಕೀಳಿಸಿಕೊಂಡರು. "ಇವ್ಳು ಡಾಕ್ಟ್ರಾಗೋದ್ರೊಳಗೆ ನನ್ ಬಾಯಲ್ಲಿ ಒಂದೂ ಉಳಿಯಾಕಿಲ್ಲ ಬುಡಿ" ಅಂತ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಈಗ ನೆನೆದರೆ ನನಗೆ ನಗು ಬರುವುದಿಲ್ಲ.

ಈ ವರ್ಷ ಹುಡುಗಿಗೆ ದನದ ಡಾಕ್ಟರ ಓದಿಗೆ ಸೀಟು ಸಿಕ್ಕಿತು. ಹಾಸ್ಟೆಲಿಗೊಂದು ಟ್ರಂಕು ಬೇಕಲ್ಲ? ಅಂಗಡಿಯಲ್ಲಿ ಕೊಂಡರೆ ಚಿಕ್ಕಪ್ಪನ ಮರ್ಯಾದೆ ಏನಾಗಬೇಕು! ನಾನಿರುವ ಪಟ್ಟಣದ ಅಂಚಿನ ಸತ್ಯಮಂಗಲದಲ್ಲಿ ಟ್ರಂಕು ಮಾಡುವ ಶೆಡ್ಡಿಗೇ ಹೋಗಿ, ಚೌಕಾಸಿ ಮಾಡಿ ಕೊಂಡರು. ಆಟೋ ಅಂದರೆ ಎರಡು ದಿನದ ಮೆಸ್ಸು ಅಂತ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಸದಾಶಿವನಗರದ ನಮ್ಮ ಮನೆಯ ತನಕ ನಡೆದೇ ಬಂದರು. ಗೇಟಿನ ಹತ್ತಿರ ಟ್ರಂಕು ಇಳಿಸಿ, ಅದರ ಮೇಲೇ ಎದೆ ಹಿಡಿದುಕೊಂಡು ಕೂತುಬಿಟ್ಟರು. ಅಂಗಿ ಪೂರ್ತಿ ಬೆವರು.

ಆಸ್ಪತ್ರೆಯಲ್ಲಿ ಡಾಕ್ಟರು ಹೃದಯದ ಆಪರೇಷನ್ ಇವತ್ತೇ ಆಗಬೇಕು, ತಡ ಮಾಡಿದರೆ ಉಳಿಯುವುದು ಕಷ್ಟ ಅಂದರು. ಸರ್ಕಾರದ ಕಾರ್ಡಿನಲ್ಲಿ ಬರುವುದು ಕಳೆದು ಮಿಕ್ಕಿದ್ದನ್ನು ನಾವು ಕಟ್ಟಬೇಕಿತ್ತು.

"ಡಾಕ್ಟ್ರೇ, ಅದು ಎಷ್ಟು ಸೆಮಿಸ್ಟರ್ ಆಯ್ತದೆ?"

ಡಾಕ್ಟರು ನನ್ನ ಕಡೆ ತಿರುಗಿ, "ಇವ್ರು ಎಲ್ಲಾದ್ರೂ ಬಿದ್ದು ತಲೆಗೇನಾದ್ರೂ ಪೆಟ್ಟಾಯ್ತಾ?" ಅಂದರು.

ಚಿಕ್ಕಪ್ಪ ಅಲ್ಲೇ ಮಲಗಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಕೊನೇ ಎರಡು ವರ್ಷ ಪೂರಾ ಹೋಯ್ತದೆ. ಬ್ಯಾಡ ಬುಡ್ಲಾ. ಮಾತ್ರೆ ಬರ್ಸ್ಕೊಂಡು ಮನೆಗೆ ಹೋಗವ." ನಾನು ಬೈದೆ, ಬೇಡಿಕೊಂಡೆ, ನಾನೇ ಕಟ್ಟುತ್ತೇನೆ ಅಂದೆ. ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಸಿಟ್ಟೂ ಬಂತು, ಭಯವೂ ಆಯಿತು.

ಅಷ್ಟರಲ್ಲಿ ಮಗಳು ತಾಯಿಯ ಜೊತೆ ಬಸ್ಸಿಳಿದು ಓಡಿ ಬಂದಳು. ವಿಷಯ ಕೇಳಿ ಮಂಚದ ಪಕ್ಕ ನಿಂತಳು.

"ಅಪ್ಪ, ಆ ಎರಡು ವರ್ಷ ಹೋದ್ರೆ ಹೋಗ್ಲಿ. ಹೆಂಗೋ ದುಡ್ಕೊಂಡು ಓದ್ತೀನಿ. ಆದ್ರೆ ಹಾಸ್ಟೆಲಿಗೆ ಫೋನ್ ಮಾಡಿ 'ಉಂಡ್ಯಾ ಮಗ' ಅಂತ ಯಾರು ಕೇಳ್ತಾರೆ? ಅದನ್ನೂ ಉಳ್ಸಿಟ್ಟಿದೀಯಾ?"

ಚಿಕ್ಕಪ್ಪ ಗೋಡೆ ಬಿಟ್ಟು ಅವಳ ಕಡೆ ತಿರುಗಿದರು. ಕಣ್ಣೊರೆಸಿಕೊಂಡು, "ಎಲ್ಲಿ ಸೈನ್ ಹಾಕ್ಬೇಕು?" ಅಂದರು.

ಸ್ಟ್ರೆಚರ್ ತಳ್ಳುವಾಗ ನನ್ನ ಕೈ ಹಿಡಿದುಕೊಂಡರು. "ಈ ಮಗ ಬೆಳಗಿಂದ ಏನೂ ತಿಂದಿಲ್ಲ ಕಣ್ಲಾ, ಮುಖ ನೋಡು. ಕ್ಯಾಂಟೀನಿಗೆ ಕರ್ಕೊಂಡು ಹೋಗು. ಏನ್ ಕೇಳ್ತಾಳೋ ಕೊಡ್ಸು. ಲೆಕ್ಕ ನೋಡ್ಬ್ಯಾಡ."

ಚಿಕ್ಕಮ್ಮ ಆಪರೇಷನ್ ಥಿಯೇಟರಿನ ಬಾಗಿಲ ಬಳಿಯೇ ಕೂತರು. ನಾನು ಹುಡುಗಿಯನ್ನು ಕರೆದುಕೊಂಡು ಹೋಗಿ ಮಸಾಲೆ ದೋಸೆ ತರಿಸಿದೆ. ಅವಳು ಒಂದು ಚೂರು ಮುರಿದು, ಬಾಯಿಗಿಡಲಾರದೆ ಅದನ್ನೇ ನೋಡುತ್ತಾ ಅತ್ತಳು.

"ಇದನ್ನ ಪಾರ್ಸೆಲ್ ಕಟ್ಸಣ್ಣ," ಅಂದಳು. "ಅಪ್ಪ ಆಚೆ ಬರ್ಲಿ. ಉಂಡ್ಯಾ ಅಂತ ಕೇಳ್ಲಿ. ಆಮೇಲೆ ತಿಂತೀನಿ."