ಎಲುಬಿನ ನೋಟುಬುಕ್ಕು

ತನ್ನ ಬಗ್ಗೆ ತಾನೇ ಬರೆದುಕೊಳ್ಳಲು ಖಾಲಿ ನೋಟುಬುಕ್ಕು ಸಿಕ್ಕಿದರೆ ಅದರಲ್ಲಿ ಬರೀ ಸತ್ಯವನ್ನೇ ಬರೆಯುವವರು ಲೋಕದಲ್ಲಿ ಇರಬಹುದು. ನಾನು ಅವರ ಪೈಕಿಯವನಲ್ಲ. ಐವತ್ತರ ದಶಕದಲ್ಲಿ, ಮುಂಬಯಿಯ ಅಂಧೇರಿಯಲ್ಲಿ ಒಂದು ಚಾಳಿನ ಮೂರನೇ ಮಾಳಿಗೆಯಲ್ಲಿ ನಾವಿದ್ದಾಗ, ಇದು ನನಗೆ ಖಚಿತವಾಯಿತು.

ಪಕ್ಕದ ಖೋಲಿಗೆ ಧಾರವಾಡ ಕಡೆಯ ಎಳೆಯ ಡಾಕ್ಟರೊಬ್ಬರು ಬಂದರು. ಆಸ್ಪತ್ರೆಯಲ್ಲಿ ಮುರಿದ ಎಲುಬು ಕೂಡಿಸುವುದು ಅವರ ಕೆಲಸ. ಕೆಲವರ ಎಲುಬು ಸ್ವಲ್ಪ ಜಾರಿದರೂ ಮುರಿಯುವುದೇಕೆ, ಕೆಲವರದು ಮೆಟ್ಟಿಲಿನಿಂದ ಉರುಳಿದರೂ ಗಟ್ಟಿಯಾಗಿ ಉಳಿಯುವುದೇಕೆ ಎಂಬುದು ಅವರ ಸಂಶೋಧನೆ. ದಿನವೂ ಎಷ್ಟು ನಡೆದಿರಿ, ಎಷ್ಟು ಹತ್ತಿದಿರಿ, ಎಷ್ಟು ಹೊತ್ತಿರಿ ಎಂದು ಬರೆದಿಡಲು ಚಾಳಿನ ಮನೆಮನೆಗೂ ಗಂಡನಿಗೊಂದು, ಹೆಂಡತಿಗೊಂದು ನೋಟುಬುಕ್ಕು ಹಂಚಿದರು. "ಇದ್ದದ್ದನ್ನ ಇದ್ದಂಗ ಬರೀರಿ, ಸಾಕು," ಎಂದರು.

ಇದ್ದದ್ದೇನು? ಸ್ಟೇಶನ್ನಿಗೆ ಟಾಂಗಾ, ಲೋಕಲ್ಲಿನಲ್ಲಿ ಕಿಟಕಿ ಪಕ್ಕದ ಜಾಗ, ಫೋರ್ಟಿನ ಆಫೀಸಿನಲ್ಲಿ ಕುರ್ಚಿ. ಸಂಜೆ ಮೆಟ್ಟಿಲು ಹತ್ತುವಾಗಲೂ ಎರಡು ಕಡೆ ನಿಂತು, ಅಲ್ಲಿಯವರ ಕ್ಷೇಮ ವಿಚಾರಿಸುವ ನೆಪದಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದೆ. ಇದನ್ನೆಲ್ಲ ಬರೆಯಲು ಕೈ ಏಳಲಿಲ್ಲ. ಮೊದಲ ದಿನ "ಸ್ಟೇಶನ್ನಿಗೆ ನಡಿಗೆ" ಎಂದು ಬರೆದೆ. ವಾರ ಕಳೆಯುವಷ್ಟರಲ್ಲಿ ಐವತ್ತು ಬಸ್ಕಿ ಸೇರಿತು, ತಿಂಗಳಿಗೆ ಅದು ನೂರಾಯಿತು. ಹೆಂಡತಿ ಸುಮತಿಗೆ ಬರೆಯಲು ಪುರುಸೊತ್ತಿಲ್ಲವೆಂದು ಅವಳ ಪುಸ್ತಕವನ್ನೂ ನಾನೇ ತುಂಬಿಸಿದೆ: "ಮನೆಯಲ್ಲಿಯೇ ಇದ್ದಳು."

ಒಂದು ಭಾನುವಾರ ಬೆಳಗ್ಗೆ ಡಾಕ್ಟರು ತಮ್ಮ ಪ್ರೊಫೆಸರರನ್ನೇ ನಮ್ಮ ಮನೆಗೆ ಕರೆತಂದರು. "ಸರ್, ಇವರ್ನ ನೋಡ್ರಿ. ನಲವತ್ತೆಂಟು ವಯಸ್ಸು, ದಿನಾ ನೂರು ಬಸ್ಕಿ! ರಾಯರ, ಒಂದ್ ಹತ್ತು ಹೊಡದು ತೋರಸ್ರಿ."

ಒಲ್ಲೆ ಎನ್ನಲು ಮರ್ಯಾದೆ ಬಿಡಲಿಲ್ಲ. ಪಂಚೆ ಬಿಗಿದು ಕುಳಿತೆ, ಎದ್ದೆ. ಮತ್ತೆ ಕುಳಿತೆ, ಎದ್ದೆ. ಮೂರನೆಯ ಸಲ ಕುಳಿತವನು ಏಳಲಿಲ್ಲ. ಸೊಂಟದಲ್ಲಿ ಏನೋ ಛಟ್ಟೆಂದಿತು. ಅಷ್ಟರಲ್ಲಿ ಸುಮತಿ ಕಂಕುಳಲ್ಲೊಂದು, ಕೈಯಲ್ಲೊಂದು ತುಂಬಿದ ಕೊಡಪಾನ ಹಿಡಿದು ಕೆಳಗಿನ ನಲ್ಲಿಯಿಂದ ಬಂದಳು. ಎರಡನ್ನೂ ಇಳಿಸಿ, ನನ್ನ ತೋಳಡಿಗೆ ಕೈ ಹಾಕಿ, ಮೂರನೆಯ ಕೊಡಪಾನದಂತೆ ಎತ್ತಿ ಮಂಚದ ಮೇಲಿಟ್ಟಳು.

"ಎಂತ ಮಾರಾಯ್ರೆ, ಬಸ್ಕಿ ಹೊಡೀಲಿಕ್ಕೆ ಯಾರು ಹೇಳಿದ್ದು ನಿಮಗೆ? ಜನ್ಮದಲ್ಲಿ ಹೊಡೆದವರಲ್ಲ!"

ಪ್ರೊಫೆಸರರು ನನ್ನ ಸೊಂಟ ಒತ್ತಿ ನೋಡಿ, ಬರೀ ಉಳುಕು ಎಂದರು. ಆಮೇಲೆ ಸುಮತಿಯ ಪುಸ್ತಕ ತೆರೆದರು. ಪುಟಪುಟದಲ್ಲೂ "ಮನೆಯಲ್ಲಿಯೇ ಇದ್ದಳು." ನೆಲದ ಮೇಲಿದ್ದ ಎರಡು ಕೊಡಪಾನಗಳ ಕಡೆ ಒಮ್ಮೆ ನೋಡಿ, ಪುಸ್ತಕವನ್ನು ಎಳೆಯ ಡಾಕ್ಟರ ಕೈಗಿಟ್ಟರು. ಡಾಕ್ಟರ ಮುಖ ಬಾಡಿಹೋಯಿತು.

"ರಾಯರ, ನಿಮ್ಮನ್ನ ನಂಬಿ ನಾ ಎಷ್ಟೋ ಬರದೀನ್ರಿ. ಇದರಾಗ ಸುಳ್ಳು ಸೇರಿದ್ರ, ನಾಳೆ ಎಲುಬು ಮುರಕೊಂಡು ಬಂದವರಿಗೆ ನಾ ತಪ್ಪು ಹೇಳಿದಂಗ ಆಗ್ತದ."

ಆ ಮಾತು ಉಳುಕಿಗಿಂತ ಹೆಚ್ಚು ನೋಯಿಸಿತು. ಟಾಂಗಾದಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡೆ. ಡಾಕ್ಟರು ನನ್ನ ಹೆಸರು ಹೊಡೆದುಹಾಕಿದರು. ಸುಮತಿಯ ಪುಸ್ತಕ ಹೊಸದಾಗಿ ಶುರುವಾಯಿತು. ಸಂಜೆ ಅವಳು ಅರೆಯುವ ಕಲ್ಲು ತಿರುಗಿಸುತ್ತ ಹೇಳುವುದು, ನಾನು ಬರೆದುಕೊಳ್ಳುವುದು: ನೀರು ಹೊತ್ತದ್ದು, ಬಟ್ಟೆ ಒಗೆದದ್ದು, ಮಾರ್ಕೆಟ್ಟಿಗೆ ನಡೆದದ್ದು, ಅಕ್ಕಿ ಚೀಲ ಮೇಲೆ ತಂದದ್ದು. ಪುಟ ಮುಗಿಯಿತೆಂದು ನಾನು ಪೆನ್ನು ಮುಚ್ಚಿದರೆ, "ಮುಚ್ಚಬೇಡಿ, ಇನ್ನೂ ಉಂಟು," ಎನ್ನುತ್ತಿದ್ದಳು.

ಹದಿನೈದೇ ದಿನದಲ್ಲಿ ಬರೆದು ಬರೆದು ನನ್ನ ಬಲಗೈ ಮಣಿಕಟ್ಟು ನೋಯತೊಡಗಿತು. ಎಲುಬಿಗೇ ಏನಾದರೂ ಆಗಿದೆಯೋ ಎಂದು ಹೆದರಿ ಡಾಕ್ಟರಿಗೆ ತೋರಿಸಿದೆ. ಅವರು ಹಿಡಿದು, ತಿರುಗಿಸಿ, ಒತ್ತಿ ನೋಡಿ ಬಹಳ ದಿನಗಳ ಮೇಲೆ ನಕ್ಕರು.

"ಗಾಬರಿ ಬ್ಯಾಡ್ರಿ ರಾಯರ. ರೂಢಿ ಇಲ್ಲದ ಕೆಲಸ ಮಾಡೀರಿ, ಇದ್ದದ್ದನ್ನ ಇದ್ದಂಗ ಬರದೀರಿ, ಅಷ್ಟ. ಬಿಡಬ್ಯಾಡ್ರಿ."